ಸಮುದ್ರ ದಾಟಿದ ಶೈತ್ಯ

ಹಣ್ಣಿನ ಅಂಗಡಿಯಲ್ಲಿ ಪುಟ್ಟ ಚೀಟಿ ಅಂಟಿಸಿಕೊಂಡು ಸಾಲಾಗಿ ಕುಳಿತಿರುವ ಸೇಬುಗಳನ್ನು ನೀವು ನೋಡಿರುತ್ತೀರಿ. ಕೆಲವು ಚೀಟಿಗಳ ಮೇಲೆ 'ನ್ಯೂಜಿಲೆಂಡ್' ಎಂದು ಬರೆದಿರುತ್ತದೆ. ಭೂಪಟ ಬಿಡಿಸಿ ನೋಡಿ. ನ್ಯೂಜಿಲೆಂಡ್ ಇರುವುದು ದಕ್ಷಿಣ ಗೋಲಾರ್ಧದ ತುದಿಯಲ್ಲಿ. ನಾವಿರುವುದು ಸಮಭಾಜಕ ವೃತ್ತದ ಉತ್ತರಕ್ಕೆ. ಗಿಡದಿಂದ ಕಿತ್ತ ಸೇಬು ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ, ಭೂಮಿಯ ಅತ್ಯಂತ ಬಿಸಿಯಾದ ವಲಯವನ್ನು ಹಾದು ಇಲ್ಲಿಗೆ ಬಂದಿದೆ. ಆದರೂ ಕಚ್ಚಿದರೆ 'ಕರುಂ' ಎನ್ನುತ್ತದೆ. ಮನೆಯಲ್ಲಿ ಬುಟ್ಟಿಯಲ್ಲಿಟ್ಟ ಬಾಳೆಹಣ್ಣು ನಾಲ್ಕು ದಿನದಲ್ಲಿ ಕಪ್ಪಾಗುವುದನ್ನು ಕಂಡಿರುವ ನಮಗೆ ಇದು ಸೋಜಿಗವೇ ಸರಿ.

ಈ ಸೋಜಿಗದ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದರಲ್ಲಿ ಉಷ್ಣಗತಿ ವಿಜ್ಞಾನವಿದೆ, ಸಸ್ಯಶಾಸ್ತ್ರವಿದೆ, ರಸಾಯನ ವಿಜ್ಞಾನವಿದೆ. ಜೊತೆಗೆ ದಿವಾಳಿಯಾದವರು, ಬಡತನದಲ್ಲಿ ಸತ್ತವರು, ಹೆಪ್ಪುಗಟ್ಟಿ ಸಾಯುವುದರಿಂದ ಕೂದಲೆಳೆಯಲ್ಲಿ ಪಾರಾದ ಕಪ್ತಾನನೊಬ್ಬ ಇದ್ದಾರೆ. ಕಥೆ ಶುರುವಾಗುವುದು ಯಂತ್ರದಿಂದಲ್ಲ, ಮಂಜುಗಡ್ಡೆಯಿಂದ.

ಕಲ್ಕತ್ತೆಗೆ ಬಂದ ಮಂಜುಗಡ್ಡೆ

ಅಮೆರಿಕದ ಬಾಸ್ಟನ್ ನಗರದ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1806ರಲ್ಲಿ ಚಳಿಗಾಲದ ಮಂಜುಗಡ್ಡೆಯನ್ನು ಕತ್ತರಿಸಿ ಹಡಗಿಗೆ ತುಂಬಿ ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪಕ್ಕೆ ಸಾಗಿಸಿದ. ಊರಿನವರು ನಕ್ಕರು. ಮೊದಲ ವರ್ಷಗಳಲ್ಲಿ ಅವನಿಗೆ ನಷ್ಟವೇ ಆಯಿತು. ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ. ಆದರೂ ಬಿಡಲಿಲ್ಲ. 1833ರ ಮೇ ತಿಂಗಳಲ್ಲಿ ಅವನ ಮಂಜುಗಡ್ಡೆ ಹೊತ್ತ 'ಟಸ್ಕನಿ' ಎಂಬ ಹಡಗು ಬಾಸ್ಟನ್ನಿನಿಂದ ಹೊರಟು, ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ, ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟಿ ಸೆಪ್ಟೆಂಬರಿನಲ್ಲಿ ಕಲ್ಕತ್ತೆಗೆ ಬಂತು. ಹೊರಟಾಗ ಅದರಲ್ಲಿದ್ದದ್ದು 180 ಟನ್ ಮಂಜುಗಡ್ಡೆ. ತಲುಪಿದಾಗ ಸುಮಾರು 100 ಟನ್ ಉಳಿದಿತ್ತು!

ಇದು ಹೇಗೆ ಸಾಧ್ಯವಾಯಿತು? ಒಂದು, ಮಂಜುಗಡ್ಡೆ ಕರಗಲು ಬೇಕಾಗುವ ಗುಪ್ತೋಷ್ಣ ಬಹಳ ಹೆಚ್ಚು: ಪ್ರತಿ ಗ್ರಾಮಿಗೆ ಸುಮಾರು 80 ಕ್ಯಾಲರಿ, ಅಂದರೆ 334 ಜೂಲ್. ಎರಡು, ಟ್ಯೂಡರ್ ಮಂಜುಗಡ್ಡೆಯ ಸುತ್ತ ಮರದ ಹೊಟ್ಟನ್ನು ತುಂಬುತ್ತಿದ್ದ. ಹೊಟ್ಟಿನ ಸಂದಿಗಳಲ್ಲಿ ಸಿಕ್ಕಿಬಿದ್ದ ಗಾಳಿ ಒಳ್ಳೆಯ ಉಷ್ಣನಿರೋಧಕ. ಮೂರು, ಗಡ್ಡೆಗಳನ್ನು ಒತ್ತಾಗಿ ಜೋಡಿಸಿದಾಗ ಒಟ್ಟು ರಾಶಿಯ ಗಾತ್ರಕ್ಕೆ ಹೋಲಿಸಿದರೆ ಹೊರಮೈ ವಿಸ್ತೀರ್ಣ ಕಡಿಮೆಯಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 80 ಟನ್ ಮಂಜುಗಡ್ಡೆ ಸುಮಾರು ನಾಲ್ಕು ತಿಂಗಳಲ್ಲಿ ಕರಗಿತೆಂದರೆ ಹಡಗಿನೊಳಕ್ಕೆ ನುಸುಳಿದ ಉಷ್ಣದ ದರ ಎಷ್ಟು? ಉತ್ತರ ಎರಡೂವರೆ ಕಿಲೋವಾಟ್‌ನ ಆಸುಪಾಸು ಬರುತ್ತದೆ. ಸ್ನಾನದ ನೀರು ಕಾಯಿಸುವ ಒಂದು ಗೀಸರ್‌ನಷ್ಟು! ಅಷ್ಟು ಉಷ್ಣವನ್ನು ಹೊರಕ್ಕೆ ಎತ್ತಿ ಹಾಕುವ ಯಂತ್ರವೊಂದಿದ್ದರೆ ಒಂದು ಗಡ್ಡೆಯೂ ಕರಗಬೇಕಾಗಿರಲಿಲ್ಲ. ಉಷ್ಣನಿರೋಧಕ ಮಾಡುವುದು ಉಷ್ಣದ ಪ್ರವೇಶವನ್ನು ತಡಮಾಡುವ ಕೆಲಸವನ್ನು ಮಾತ್ರ. ಬಂದ ಉಷ್ಣವನ್ನು ಹೊರಹಾಕುವ ಶಕ್ತಿ ಅದಕ್ಕಿಲ್ಲ.

ಮುಂದೆ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಮಂಜುಗಡ್ಡೆಯ ಉಗ್ರಾಣಗಳು ಎದ್ದವು. ಚೆನ್ನೈಗೆ ಹೋದರೆ ಮೆರೀನಾ ಕಡಲತೀರದಲ್ಲಿ 'ಐಸ್ ಹೌಸ್' ಎಂಬ ಕಟ್ಟಡವನ್ನು ಈಗಲೂ ನೋಡಬಹುದು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಕೆಲವು ದಿನ ತಂಗಿದ್ದರಿಂದ ಇಂದು ಅದಕ್ಕೆ ಅವರ ಹೆಸರಿದೆ.

ಒಂದು ಕಡೆ ಬಾಯಿ, ಇನ್ನೊಂದು ಕಡೆ ಮಾಂಸ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳು ವೇಗವಾಗಿ ಬೆಳೆಯುತ್ತಿದ್ದವು. ಉಣ್ಣುವ ಬಾಯಿಗಳು ಹೆಚ್ಚಿದವು. ಅಲ್ಲಿನ ಹೊಲ, ಹುಲ್ಲುಗಾವಲುಗಳು ಹೆಚ್ಚಲಿಲ್ಲ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಅರ್ಜೆಂಟೀನಗಳಲ್ಲಿ ಇದಕ್ಕೆ ತದ್ವಿರುದ್ಧ ಸ್ಥಿತಿ. ಜನ ಕಡಿಮೆ, ಕುರಿ-ದನ ಲೆಕ್ಕವಿಲ್ಲದಷ್ಟು. ಉಣ್ಣೆಯನ್ನು ಹಡಗಿನಲ್ಲಿ ಕಳಿಸಬಹುದಿತ್ತು. ಮಾಂಸವನ್ನು ಕಳಿಸುವಂತಿರಲಿಲ್ಲ. ಉಣ್ಣೆ ಕೊಡಲಾರದ ಮುದಿ ಕುರಿಗಳನ್ನು ಸಾವಿರಗಟ್ಟಲೆ ಕೊಂದು, ದೊಡ್ಡ ಕಡಾಯಿಗಳಲ್ಲಿ ಕುದಿಸಿ, ಕೊಬ್ಬನ್ನು ಮಾತ್ರ ತೆಗೆದು ಸಾಬೂನು, ಮೋಂಬತ್ತಿಗಳಿಗಾಗಿ ಮಾರುತ್ತಿದ್ದರು. ಮಾಂಸ ಗೊಬ್ಬರವಾಗುತ್ತಿತ್ತು, ಇಲ್ಲವೇ ತಿಪ್ಪೆ ಸೇರುತ್ತಿತ್ತು. ಸಮುದ್ರದ ಇನ್ನೊಂದು ತೀರದಲ್ಲಿ ಬಡ ಕೂಲಿಕಾರನ ತಟ್ಟೆಯಲ್ಲಿ ಮಾಂಸ ಹಬ್ಬದ ದಿನದ ಅಪರೂಪವಾಗಿತ್ತು.

ಈ ಅಂತರವನ್ನು ತುಂಬಲು ಹೊರಟವರಲ್ಲಿ ಜೇಮ್ಸ್ ಹ್ಯಾರಿಸನ್ ಪ್ರಮುಖ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯದ ಗೀಲಾಂಗ್ ಪಟ್ಟಣದಲ್ಲಿ ಪತ್ರಿಕೆ ನಡೆಸುತ್ತಿದ್ದವನು. ಅಚ್ಚುಮೊಳೆಗಳನ್ನು ಈಥರ್‌ನಿಂದ ಒರೆಸುವಾಗ ಲೋಹ ತಣ್ಣಗಾಗುವುದನ್ನು ಗಮನಿಸಿದ್ದರಿಂದ ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಅಂಗೈ ಮೇಲೆ ಸ್ಪಿರಿಟ್ ಹಾಕಿಕೊಂಡರೆ ನಿಮಗೂ ಇದೇ ಅನುಭವವಾಗುತ್ತದೆ. ದ್ರವ ಆವಿಯಾಗಲು ಗುಪ್ತೋಷ್ಣ ಬೇಕು. ಅದನ್ನು ಅದು ತಾಗಿಕೊಂಡಿರುವ ವಸ್ತುವಿನಿಂದ ಹೀರಿಕೊಳ್ಳುತ್ತದೆ. ಆ ಆವಿಯನ್ನು ಹಾರಿಹೋಗಲು ಬಿಡದೆ ಹಿಡಿದು, ಪಂಪಿನಿಂದ ಒತ್ತಿ, ತಣ್ಣೀರಿನ ಸುರುಳಿಯಲ್ಲಿ ಹಾಯಿಸಿದರೆ ಅದು ಮತ್ತೆ ದ್ರವವಾಗುತ್ತದೆ. ಹೀಗೆ ಒಂದೇ ದ್ರವವನ್ನು ಮತ್ತೆ ಮತ್ತೆ ಬಳಸಬಹುದು. ಜೇಕಬ್ ಪರ್ಕಿನ್ಸ್ 1834ರಲ್ಲೇ ಈ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದ. ಅದನ್ನು ಕಾರ್ಖಾನೆಯಲ್ಲಿ ದುಡಿಯುವ ಯಂತ್ರವಾಗಿಸಿದ್ದು 1850ರ ದಶಕದಲ್ಲಿ ಹ್ಯಾರಿಸನ್. ನಿಮ್ಮ ಮನೆಯ ಫ್ರಿಜ್ ಇಂದಿಗೂ ಇದೇ ಆವಿ-ಸಂಪೀಡನ ಚಕ್ರದಲ್ಲಿ ಕೆಲಸ ಮಾಡುತ್ತದೆ.

1873ರಲ್ಲಿ ಹ್ಯಾರಿಸನ್ 'ನಾರ್ಫೋಕ್' ಎಂಬ ಹಡಗಿನಲ್ಲಿ ಹೆಪ್ಪುಗಟ್ಟಿಸಿದ ಮಾಂಸವನ್ನು ಮೆಲ್ಬರ್ನ್‌ನಿಂದ ಲಂಡನ್ನಿಗೆ ಕಳಿಸಿದ. ವಿಚಿತ್ರವೆಂದರೆ, ಯಂತ್ರದ ಜನಕನಾದ ಅವನು ಹಡಗಿನಲ್ಲಿ ಯಂತ್ರವನ್ನು ಇಡಲಿಲ್ಲ! ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣವೇ ಸಾಕೆಂದು ನಂಬಿದ. ಎಣಿಸಿದ್ದಕ್ಕಿಂತ ಬೇಗ ಮಂಜುಗಡ್ಡೆ ಮುಗಿಯಿತು, ಮಾಂಸ ಕೊಳೆಯಿತು, ಹ್ಯಾರಿಸನ್ ದಿವಾಳಿಯಾದ.

ಮೂರು ವರ್ಷಗಳ ನಂತರ ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಟೆಲ್ಲಿಯೆ ಆ ತಪ್ಪು ಮಾಡಲಿಲ್ಲ. ಮೀಥೈಲ್ ಈಥರ್ ಬಳಸುವ ತನ್ನ ಯಂತ್ರವನ್ನು ಹಡಗಿನೊಳಗೇ ಕೂರಿಸಿ, ಹಡಗಿಗೆ 'ಫ್ರಿಗೊರಿಫಿಕ್' ಎಂದು ಹೆಸರಿಟ್ಟ. 1876ರ ಸೆಪ್ಟೆಂಬರಿನಲ್ಲಿ ರೂಆನ್ ಬಂದರಿನಿಂದ ಹೊರಟ ಅದು ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್ ಮುಟ್ಟಿತು. ಸೊನ್ನೆ ಡಿಗ್ರಿಯ ಸಮೀಪ ಇಟ್ಟಿದ್ದ ಮಾಂಸ ತಿನ್ನಲು ಯೋಗ್ಯವಾಗಿಯೇ ಇತ್ತು. ರುಚಿ ಮಾತ್ರ ಕೆಟ್ಟಿತ್ತು. ಅದರ ಬೆನ್ನಿಗೇ 'ಪರಾಗ್ವೆ' ಎಂಬ ಹಡಗು ಫರ್ಡಿನಾಂಡ್ ಕಾರೆಯ ಅಮೋನಿಯ ಯಂತ್ರದೊಂದಿಗೆ ಹೋಯಿತು. ಅದರಲ್ಲಿ ಮಾಂಸವನ್ನು ತಣ್ಣಗಿಟ್ಟದ್ದಲ್ಲ, ಕಲ್ಲಿನಂತೆ ಹೆಪ್ಪುಗಟ್ಟಿಸಿದ್ದರು. 1878ರಲ್ಲಿ ಅದು ಅರ್ಜೆಂಟೀನದ ಕುರಿಮಾಂಸವನ್ನು ಕೆಡದಂತೆ ಫ್ರಾನ್ಸಿಗೆ ತಂದಿತು. ದೀರ್ಘ ಪ್ರಯಾಣಕ್ಕೆ ಸೊನ್ನೆ ಡಿಗ್ರಿ ಸಾಲದು, ಇನ್ನೂ ಕೆಳಗಿಳಿಯಬೇಕು ಎಂಬ ಪಾಠ ಸಿಕ್ಕಿತು. ಟೆಲ್ಲಿಯೆಗೆ ಬಿರುದು ಬಂತು, ಹಣ ಬರಲಿಲ್ಲ. 1913ರಲ್ಲಿ ಅವನು ಕಡುಬಡತನದಲ್ಲಿ ತೀರಿಕೊಂಡ.

ಗಾಳಿಯನ್ನೇ ಶೀತಕಾರಿಯಾಗಿಸಿದ ಯಂತ್ರ

ಈಥರ್ ಹತ್ತಿ ಉರಿಯುತ್ತದೆ. ಅಮೋನಿಯ ಸೋರಿದರೆ ಉಸಿರು ಕಟ್ಟುತ್ತದೆ. ನಡುಗಡಲಿನಲ್ಲಿ ಮರದ ಹಡಗಿನ ಹೊಟ್ಟೆಯಲ್ಲಿ ಇಂಥ ವಸ್ತುಗಳನ್ನು ಇಟ್ಟುಕೊಳ್ಳಲು ಯಾವ ಕಪ್ತಾನನಿಗೆ ಧೈರ್ಯ ಬಂದೀತು? ಆಗ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೆನ್ರಿ ಮತ್ತು ಜೇಮ್ಸ್ ಬೆಲ್ ಸೋದರರು ಅದೇ ನಗರದ ವಿಶ್ವವಿದ್ಯಾಲಯದ ವಿಲಿಯಂ ಥಾಮ್ಸನ್‌ರ ಸಲಹೆ ಕೇಳಿದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ಅವರು ಜೋಸೆಫ್ ಕೋಲ್ಮನ್ ಎಂಬ ರಸಾಯನ ವಿಜ್ಞಾನಿಯ ಕಡೆ ಬೊಟ್ಟು ಮಾಡಿದರು. ಹುಟ್ಟಿದ್ದು ಬೆಲ್-ಕೋಲ್ಮನ್ ಯಂತ್ರ. ಅದರ ಶೀತಕಾರಿ ವಸ್ತು ಬರೀ ಗಾಳಿ!

ಇದರ ಕ್ರಮವನ್ನು ಅಂಕಿಗಳೊಂದಿಗೆ ನೋಡೋಣ. 27 ಡಿಗ್ರಿ ಸೆ. ಇರುವ ಗಾಳಿಯನ್ನು ಉಷ್ಣ ಹೊರಹೋಗದಂತೆ ಮೂರು ಪಟ್ಟು ಒತ್ತಡಕ್ಕೆ ಒತ್ತಿದರೆ, ಆದರ್ಶ ಸ್ಥಿತಿಯಲ್ಲಿ ಅದು ಸುಮಾರು 138 ಡಿಗ್ರಿಗೆ ಏರುತ್ತದೆ. ಸೈಕಲ್ ಪಂಪಿನ ತಳ ಬಿಸಿಯಾಗುವುದು ಇದಕ್ಕೇ. ಈ ಬಿಸಿ ಗಾಳಿಯನ್ನು ಕೊಳವೆಗಳಲ್ಲಿ ಹಾಯಿಸಿ ಹೊರಗೆ ಸಮುದ್ರದ ನೀರು ಹರಿಸಿ. ಒತ್ತಡ ಹಾಗೆಯೇ ಇದ್ದು ಉಷ್ಣತೆ ಮತ್ತೆ 27ರ ಹತ್ತಿರಕ್ಕೆ ಇಳಿಯುತ್ತದೆ. ಈಗ ಈ ಗಾಳಿ ಒಂದು ಆಡುಬೆಣೆಯನ್ನು ತಳ್ಳಿಕೊಂಡು ಮೊದಲಿನ ಒತ್ತಡಕ್ಕೆ ವ್ಯಾಕೋಚಿಸಲಿ. ತಳ್ಳುವ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಅದು ತನ್ನ ಆಂತರಿಕ ಶಕ್ತಿಯಿಂದಲೇ ತೆರಬೇಕು. ಪರಿಣಾಮ: ಅದರ ಉಷ್ಣತೆ ಲೆಕ್ಕದ ಪ್ರಕಾರ ಸೊನ್ನೆಗಿಂತ ಸುಮಾರು 54 ಡಿಗ್ರಿ ಕೆಳಕ್ಕೆ ಬೀಳುತ್ತದೆ. ನಿಜವಾದ ಯಂತ್ರದಲ್ಲಿ ಇಷ್ಟು ಇಳಿಯದಿದ್ದರೂ ಮಾಂಸವನ್ನು ಹೆಪ್ಪುಗಟ್ಟಿಸಲು ಬೇಕಾದಷ್ಟು ಇಳಿಯುತ್ತದೆ. ಇಲ್ಲಿ ಒಂದು ಅಂಶ ಮರೆಯಬೇಡಿ. ಗಾಳಿ ಸುಮ್ಮನೆ ನುಗ್ಗಿ ಹರಡಿಕೊಂಡರೆ ಹೇಳಿಕೊಳ್ಳುವಷ್ಟು ತಣ್ಣಗಾಗುವುದಿಲ್ಲ. ಅದು ಕೆಲಸ ಮಾಡಲೇಬೇಕು.

ಗಾಳಿಯ ಜೊತೆ ತೇವವೂ ಇರುತ್ತದೆಯಲ್ಲ? ಅದು ಹಿಮವಾಗಿ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತಿತ್ತು. ಯಂತ್ರ ಕಲ್ಲಿದ್ದಲನ್ನೂ ವಿಪರೀತ ತಿನ್ನುತ್ತಿತ್ತು. ಆದರೆ ಸೋರಿದರೆ ಹೆದರಬೇಕಾಗಿರಲಿಲ್ಲ. ಈ ಯಂತ್ರ ಹೊತ್ತ 'ಸ್ಟ್ರಾತ್‌ಲೆವೆನ್' ಎಂಬ ಉಗಿಹಡಗು 1879ರ ಕೊನೆಯಲ್ಲಿ ಆಸ್ಟ್ರೇಲಿಯದಿಂದ ಹೊರಟು, 1880ರ ಫೆಬ್ರವರಿ ಮೊದಲಲ್ಲಿ ಸುಮಾರು 40 ಟನ್ ಮಾಂಸವನ್ನು ಸುಸ್ಥಿತಿಯಲ್ಲಿ ಲಂಡನ್ನಿಗೆ ಇಳಿಸಿತು.

'ಡನೀಡಿನ್'ನ 98 ದಿನಗಳು

ಸುದ್ದಿ ನ್ಯೂಜಿಲೆಂಡ್ ತಲುಪಿತು. ಅಲ್ಲಿ ಅಪಾರ ಜಮೀನು ಹೊಂದಿದ್ದ ಸ್ಕಾಟ್ ಕಂಪನಿಯೊಂದರ ವ್ಯವಸ್ಥಾಪಕ ವಿಲಿಯಂ ಡೇವಿಡ್ಸನ್ ಮತ್ತು ಸ್ಥಳೀಯ ಮೇಲ್ವಿಚಾರಕ ಥಾಮಸ್ ಬ್ರೈಡೋನ್ ತಾವೂ ಪ್ರಯತ್ನಿಸಲು ನಿರ್ಧರಿಸಿದರು. ಅವರು ಆರಿಸಿದ್ದು 'ಡನೀಡಿನ್' ಎಂಬ ಹಾಯಿಹಡಗನ್ನು. ಗಾಳಿಯ ಬಲದಿಂದ ಸಾಗುವ ಹಡಗಿನಲ್ಲಿ ಬೆಲ್-ಕೋಲ್ಮನ್ ಯಂತ್ರ, ಅದಕ್ಕೊಂದು ಉಗಿಪಾತ್ರೆ, ಹಾಯಿಗಳ ನಡುವೆ ಒಂದು ಹೊಗೆಕೊಳವೆ! ದಿನಕ್ಕೆ ಮೂರು ಟನ್ ಕಲ್ಲಿದ್ದಲು ಉರಿಯುತ್ತಿದ್ದದ್ದು ಹಡಗನ್ನು ಓಡಿಸಲಲ್ಲ, ತಂಪು ಮಾಡಲು.

1881ರ ಡಿಸೆಂಬರಿನಲ್ಲಿ ಪೋರ್ಟ್ ಚಾಮರ್ಸ್ ಬಂದರಿನಲ್ಲಿ ಮಾಂಸ ತುಂಬಲು ಶುರು ಮಾಡಿದರು. ಟೋಟಾರ ಎಂಬಲ್ಲಿ ಕಡಿದ ಕುರಿಗಳನ್ನು ರೈಲಿನಲ್ಲಿ ತಂದು, ಹಡಗಿನಲ್ಲೇ ಹೆಪ್ಪುಗಟ್ಟಿಸಿ, ಬಟ್ಟೆಯ ಚೀಲ ತೊಡಿಸಿ ಜೋಡಿಸಬೇಕಿತ್ತು. ಕೆಲವೇ ದಿನಗಳಲ್ಲಿ ಯಂತ್ರದ ಮುಖ್ಯ ವಕ್ರದಂಡ ಮುರಿಯಿತು. ತುಂಬಿದ್ದ ಮಾಂಸವನ್ನೆಲ್ಲ ಇಳಿಸಿ ಅಲ್ಲೇ ಮಾರಬೇಕಾಯಿತು. ದುರಸ್ತಿ ಮಾಡಿ ಮತ್ತೆ ಮೊದಲಿನಿಂದ ತುಂಬಿದರು. ಕೊನೆಗೆ 4331 ಕುರಿ, 598 ಕುರಿಮರಿ ಮತ್ತು 22 ಹಂದಿಗಳ ಮಾಂಸ, ಅದರ ಜೊತೆಗೆ ಬೆಣ್ಣೆಯ ಪೀಪಾಯಿಗಳನ್ನು ಹೊತ್ತು 1882ರ ಫೆಬ್ರವರಿ 15ರಂದು ಹಡಗು ಹೊರಟಿತು.

ಉಷ್ಣವಲಯದಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಲ್ಲೇ ನಿಂತಿತು. ಹೊಗೆಕೊಳವೆಯಿಂದ ಹಾರಿದ ಕಿಡಿಗಳು ಹಾಯಿಗಳಿಗೆ ಬೆಂಕಿ ಹಚ್ಚುತ್ತಿದ್ದವು. ಅಷ್ಟರಲ್ಲಿ ಇನ್ನೊಂದು ಅಪಾಯ ಗಮನಕ್ಕೆ ಬಂತು. ಯಂತ್ರ ಸರಿಯಾಗಿ ನಡೆಯುತ್ತಿದ್ದರೂ ಉಗ್ರಾಣದ ಒಳಗೆ ತಣ್ಣನೆಯ ಗಾಳಿ ಎಲ್ಲ ಕಡೆಗೂ ಹರಡುತ್ತಿರಲಿಲ್ಲ. ಕಪ್ತಾನ ಜಾನ್ ವಿಟ್ಸನ್ ತಾನೇ ಮುಖ್ಯ ಗಾಳಿಕೊಳವೆಯೊಳಗೆ ತೆವಳಿ ಹೋಗಿ ಹೊಸ ರಂಧ್ರಗಳನ್ನು ಕೊರೆದ. ಕೊರೆಯುವಷ್ಟರಲ್ಲಿ ಚಳಿಗೆ ಮೈ ಮರಗಟ್ಟಿ ಪ್ರಜ್ಞೆ ತಪ್ಪುವ ಸ್ಥಿತಿ. ಸಹಾಯಕನು ತೆವಳಿ ಹೋಗಿ ಕಪ್ತಾನನ ಕಾಲಿಗೆ ಹಗ್ಗ ಕಟ್ಟಿ ಹೊರಕ್ಕೆ ಎಳೆದುಹಾಕಿದ. ಹೊರಗೆ ಉಷ್ಣವಲಯದ ಸುಡುಬಿಸಿಲು, ಒಳಗೆ ಹೆಪ್ಪುಗಟ್ಟಿ ಸಾಯುವ ಸ್ಥಿತಿ!

98 ದಿನಗಳ ನಂತರ, ಮೇ 24ರಂದು ಹಡಗು ಲಂಡನ್ ತಲುಪಿತು. ಸುಮಾರು ಐದು ಸಾವಿರ ಪ್ರಾಣಿಗಳ ಮಾಂಸದಲ್ಲಿ ಕೆಟ್ಟದ್ದೆಂದು ತಿರಸ್ಕೃತವಾದದ್ದು ಒಂದೇ ಒಂದು.

ಮುಂದಿನ ಪರಿಣಾಮಗಳು ದೊಡ್ಡವು. ನ್ಯೂಜಿಲೆಂಡಿನ ದಡದಲ್ಲೇ ಘನೀಕರಣ ಕಾರ್ಖಾನೆಗಳು ಎದ್ದವು. ಕೊಬ್ಬಿಗಾಗಿ ಕುರಿ ಕುದಿಸುವ ಕಡಾಯಿಗಳು ಮೂಲೆ ಸೇರಿದವು. ಉಣ್ಣೆಯನ್ನೇ ನಂಬಿದ್ದಾಗ ಸಾವಿರಾರು ಎಕರೆಯ ಒಡೆಯನಿಗೆ ಮಾತ್ರ ಬದುಕಿತ್ತು; ಮಾಂಸ, ಬೆಣ್ಣೆ, ಗಿಣ್ಣುಗಳಿಗೆ ದೂರದ ಮಾರುಕಟ್ಟೆ ಸಿಕ್ಕಿದ ಮೇಲೆ ಸಣ್ಣ ಹಿಡುವಳಿಯ ಕುಟುಂಬವೂ ಬದುಕಬಹುದಾಯಿತು. ಬ್ರಿಟನ್ನಿನ ಕೂಲಿಕಾರನಿಗೆ ಅಗ್ಗದ ಮಾಂಸ ಸಿಕ್ಕಿತು. ಆದರೆ ಅಲ್ಲಿನ ರೈತ ಆಗಲೇ ಅಗ್ಗದ ಆಮದು ಗೋಧಿಯಿಂದ ಕಂಗಾಲಾಗಿದ್ದ. ಅವನಿಗೆ ಇದು ಇನ್ನೊಂದು ಪೆಟ್ಟು. ಒಂದೇ ತಂತ್ರಜ್ಞಾನ ಒಬ್ಬನ ಹೊಟ್ಟೆ ತುಂಬಿಸುವಾಗ ಇನ್ನೊಬ್ಬನ ಹೊಟ್ಟೆಯ ಮೇಲೆ ಹೊಡೆಯಬಹುದು ಎಂಬುದನ್ನು ವಿದ್ಯಾರ್ಥಿಗಳೊಂದಿಗೆ ಚರ್ಚಿಸಲು ಇದು ಒಳ್ಳೆಯ ಉದಾಹರಣೆ. 'ಡನೀಡಿನ್' ಮಾತ್ರ 1890ರಲ್ಲಿ ಮಾಂಸ ಹೊತ್ತು ಹೊರಟದ್ದು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಮಾಂಸ ಸತ್ತದ್ದು, ಹಣ್ಣು ಬದುಕಿರುವುದು

ಮಾಂಸ ಸಾಗಿಸಲು ಕಲಿತವರು ಹಣ್ಣೂ ಸುಲಭವೆಂದುಕೊಂಡರು. ಅಲ್ಲಿ ಎಡವಿದರು. ಮಾಂಸದ ಜೀವಕೋಶಗಳು ಸತ್ತಿವೆ. ಅಲ್ಲಿ ತಡೆಯಬೇಕಾದದ್ದು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ಮತ್ತು ಕೊಬ್ಬು ಹಳಸುವುದನ್ನು. ಹಣ್ಣಾದರೋ ಕಿತ್ತ ಮೇಲೂ ಬದುಕಿರುತ್ತದೆ. ಆಕ್ಸಿಜನ್ ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್, ನೀರಾವಿ ಮತ್ತು ಉಷ್ಣವನ್ನು ಬಿಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಉಸಿರಾಟ ಎರಡು ಮೂರು ಪಟ್ಟು ಹೆಚ್ಚುತ್ತದೆ. ಹೆಚ್ಚು ಉಸಿರಾಡಿದರೆ ಹೆಚ್ಚು ಉಷ್ಣ, ಅದರಿಂದ ಇನ್ನೂ ಹೆಚ್ಚು ಉಸಿರಾಟ! ಹಡಗಿನ ತುಂಬ ಬಾಳೆಕಾಯಿ ಎಂದರೆ ಮೆಲ್ಲಗೆ ಉರಿಯುತ್ತಿರುವ ಒಲೆ ಇದ್ದಂತೆ. ಹೊರಗಿನಿಂದ ನುಸುಳುವ ಉಷ್ಣದ ಜೊತೆ ಈ ಒಳಗಿನ ಉಷ್ಣವನ್ನೂ ಯಂತ್ರ ಎತ್ತಿಹಾಕಬೇಕು.

1920ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದ ಸೇಬುಗಳು ಹೊರಗೆ ಚೆಂದವಾಗಿದ್ದು ಒಳಗೆ ಕಂದು ಬಣ್ಣಕ್ಕೆ ತಿರುಗಿ ಹಾಳಾಗುತ್ತಿದ್ದವು. ಯಾವ ಶಿಲೀಂಧ್ರವೂ ಇರಲಿಲ್ಲ, ಉಷ್ಣತೆಯೂ ಸರಿಯಾಗಿತ್ತು. ಕೇಂಬ್ರಿಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಕಾರಣ ಹುಡುಕಿದರು. ಚಳಿ ಹೊರಹೋಗಬಾರದೆಂದು ಉಗ್ರಾಣವನ್ನು ಬಿಗಿಯಾಗಿ ಮುಚ್ಚಿದ್ದರಿಂದ ಹಣ್ಣುಗಳೇ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಒಳಗೆ ಸೇರಿಕೊಂಡಿತ್ತು. ಹಣ್ಣುಗಳಿಗೆ ತಮ್ಮ ಉಸಿರೇ ಮುಳುವಾಗಿತ್ತು! ಪರಿಹಾರ ಸರಳ: ಆಗಾಗ ಹೊಸ ಗಾಳಿ ಆಡಿಸುವುದು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಆಕ್ಸಿಜನ್ ಅಂಶವನ್ನು ತಗ್ಗಿಸಿ, ಕಾರ್ಬನ್ ಡೈಆಕ್ಸೈಡನ್ನು ಹಣ್ಣು ತಾಳುವ ಮಿತಿಯಲ್ಲಿ ಹಿಡಿದಿಟ್ಟರೆ ಉಸಿರಾಟ ನಿಧಾನವಾಗಿ ಸೇಬು ತಿಂಗಳುಗಟ್ಟಲೆ ಹೆಚ್ಚು ಬಾಳುತ್ತದೆ ಎಂದು ತೋರಿಸಿದರು. ಹಾನಿ ಮಾಡಿದ ಅನಿಲವನ್ನೇ ಪ್ರಮಾಣ ಅರಿತು ರಕ್ಷಕನನ್ನಾಗಿ ಮಾಡಿಕೊಂಡ ಈ ವಿಧಾನವೇ ಇಂದಿನ ನಿಯಂತ್ರಿತ ವಾತಾವರಣದ ಸಂಗ್ರಹಣೆ.

ಹಣ್ಣಾಗುವಾಗ ಹಣ್ಣುಗಳು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆಂದು 1934ರಲ್ಲಿ ರಿಚರ್ಡ್ ಗೇನ್ ಖಚಿತಪಡಿಸಿದ. ಬಾಳೆಕಾಯಿಯನ್ನು ಅಕ್ಕಿಯ ಡಬ್ಬದಲ್ಲಿ ಹುದುಗಿಸಿಡುವ ನಮ್ಮ ಅಜ್ಜಿಯರಿಗೆ ಅನಿಲದ ಹೆಸರು ಗೊತ್ತಿಲ್ಲದಿದ್ದರೂ ಉಪಾಯ ಗೊತ್ತಿತ್ತು. ಹಡಗಿನವರಿಗೆ ಇದೇ ತಲೆನೋವು. ಒಂದು ಗೊನೆ ಹಣ್ಣಾದರೆ ಅಕ್ಕಪಕ್ಕದವೂ ಹಣ್ಣಾಗತೊಡಗುತ್ತವೆ. ಆದ್ದರಿಂದ ಬಾಳೆಯನ್ನು ಹಸಿರು ಕಾಯಿಯಾಗಿಯೇ ಸಾಗಿಸಿ, ತಲುಪಿದ ಮೇಲೆ ಎಥಿಲೀನ್ ಕೊಟ್ಟು ಮಾಗಿಸುತ್ತಾರೆ.

ಎಲ್ಲ ಹಣ್ಣಿಗೂ ಒಂದೇ ಚಳಿ ಒಗ್ಗುವುದಿಲ್ಲ. ಸೇಬು ಸೊನ್ನೆ ಡಿಗ್ರಿಯ ಬಳಿ ಸುಖವಾಗಿರುತ್ತದೆ. ಬಾಳೆಗೆ ಸುಮಾರು 13 ಡಿಗ್ರಿಗಿಂತ ಕಡಿಮೆಯಾದರೆ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಾವೂ ಹೆಚ್ಚು ಕಡಿಮೆ ಹಾಗೆಯೇ. ಉಷ್ಣವಲಯದ ಬೆಳೆಗಳಿಗೆ ಆಗುವ ಈ ಹಾನಿಗೆ ಶೀತಗಾಯ ಎನ್ನಬಹುದು. ಇನ್ನು ಮೀನು, ಸೀಗಡಿ, ಮಾಂಸಗಳನ್ನು ಹೆಪ್ಪುಗಟ್ಟಿಸಿದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡುವುದು ವಾಡಿಕೆ. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ದೊಡ್ಡ ಹರಳುಗಳಾಗಿ ಕೋಶದ ಪೊರೆಗಳು ಹರಿಯುತ್ತವೆ. ಕರಗಿಸಿದಾಗ ರಸವೆಲ್ಲ ಸೋರಿಹೋಗುತ್ತದೆ. ಬೇಗ ಹೆಪ್ಪುಗಟ್ಟಿಸಿದರೆ ಹರಳುಗಳು ಸಣ್ಣವಾಗಿದ್ದು ಹಾನಿ ಕಡಿಮೆ. 1920ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಈ ಶೀಘ್ರ ಘನೀಕರಣವನ್ನು ಉದ್ಯಮವಾಗಿ ಬೆಳೆಸಿದ.

ಹೋದ ಅನಿಲ ಮರಳಿ ಬಂತು

ಗಾಳಿಯಂತ್ರ ಇಂಧನ ತಿನ್ನುತ್ತಿದ್ದುದರಿಂದ 1890ರ ದಶಕದಿಂದ ಹಡಗುಗಳಲ್ಲಿ ಅದರ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ಯಂತ್ರಗಳು ಬಂದವು. ಅದು ಹತ್ತಿಕೊಳ್ಳುವುದಿಲ್ಲ, ಅಮೋನಿಯದಷ್ಟು ವಿಷಕಾರಿಯೂ ಅಲ್ಲ. ಆದರೆ ಒಂದು ತೊಡಕಿತ್ತು. ಈ ಅನಿಲದ ಸಂಧಿಗ್ಧ ಉಷ್ಣತೆ, ಅಂದರೆ ಅದಕ್ಕಿಂತ ಮೇಲೆ ಎಷ್ಟೇ ಒತ್ತಿದರೂ ದ್ರವವಾಗದ ಉಷ್ಣತೆ, ಸುಮಾರು 31 ಡಿಗ್ರಿ. ಉಷ್ಣವಲಯದ ಸಮುದ್ರದ ನೀರು 30 ಡಿಗ್ರಿಯ ಹತ್ತಿರ ಇರುತ್ತದೆ. ಅಂಥ ನೀರಿನಿಂದ ತಣಿಸಿ ಅನಿಲವನ್ನು ದ್ರವವಾಗಿಸುವುದು ಕಷ್ಟ. ಎಲ್ಲಿ ಚಳಿಯ ಅಗತ್ಯ ಅತ್ಯಂತ ಹೆಚ್ಚೋ ಅಲ್ಲಿಯೇ ಯಂತ್ರ ಸೊರಗುತ್ತಿತ್ತು! ಪಠ್ಯದ ಒಂದು ಸಾಲಿನಲ್ಲಿ ಮುಗಿದುಹೋಗುವ 'ಸಂಧಿಗ್ಧ ಉಷ್ಣತೆ'ಗೆ ಹಡಗಿನ ಎಂಜಿನಿಯರು ದಿನವೂ ಬೆಲೆ ತೆರುತ್ತಿದ್ದ.

1930ರ ಸುಮಾರಿಗೆ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ರೂಪಿಸಿದ ಕ್ಲೋರೋಫ್ಲೂರೋಕಾರ್ಬನ್‌ಗಳು ವರದಂತೆ ಕಂಡವು. ವಿಷವಿಲ್ಲ, ಬೆಂಕಿಯಿಲ್ಲ, ಕಡಿಮೆ ಒತ್ತಡದಲ್ಲೇ ದ್ರವವಾಗುತ್ತವೆ. ಸುಲಭವಾಗಿ ವಿಭಜನೆಯಾಗದಿರುವ ಅವುಗಳ ಗುಣವೇ ಮುಂದೆ ದೋಷವಾಯಿತು. ಅವು ಹಾಗೆಯೇ ಮೇಲೇರಿ ಓಜೋನ್ ಪದರವನ್ನು ಕೆಡಿಸುತ್ತವೆಂದು 1974ರಲ್ಲಿ ಮೊಲಿನ ಮತ್ತು ರೋಲೆಂಡ್ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಬದಲಿಗೆ ಬಂದ ಹೈಡ್ರೋಫ್ಲೂರೋಕಾರ್ಬನ್‌ಗಳು ಓಜೋನಿಗೆ ನಿರಪಾಯವಾದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಪ್ರಬಲ. 2016ರ ಕಿಗಾಲಿ ತಿದ್ದುಪಡಿ ಅವುಗಳನ್ನೂ ಹಂತಹಂತವಾಗಿ ತಗ್ಗಿಸಲು ಹೊರಟಿದೆ. ಈಗ ಕೆಲವು ಹೊಸ ಶೀತಕ ಕಂಟೇನರುಗಳಲ್ಲಿ ಏನು ಬಳಸುತ್ತಿದ್ದಾರೆ ಗೊತ್ತೆ? ಅದೇ ಹಳೆಯ ಕಾರ್ಬನ್ ಡೈಆಕ್ಸೈಡ್! ಸಂಧಿಗ್ಧ ಬಿಂದುವಿನ ಮೇಲೂ ನಡೆಯಬಲ್ಲ ಚಕ್ರಗಳನ್ನು ವಿನ್ಯಾಸಗೊಳಿಸಿದ್ದರಿಂದ ಇದು ಸಾಧ್ಯವಾಗಿದೆ.

ಚಳಿಯನ್ನು ಪೆಟ್ಟಿಗೆಯಲ್ಲಿ ಕಟ್ಟಿ

ಹಡಗು ತಂಪಾಗಿದ್ದರೂ ಬಂದರಿನಲ್ಲಿ ಸರಕನ್ನು ಇಳಿಸುವಾಗ ಬಿಸಿಲಿಗೆ ಒಡ್ಡಬೇಕಿತ್ತು. ಒಂದೊಂದು ಪೆಟ್ಟಿಗೆಯನ್ನೂ ಆಳುಗಳು ಹೊತ್ತು ಲಾರಿಗೆ ಹಾಕುವಷ್ಟರಲ್ಲಿ ಗಂಟೆಗಳು ಕಳೆಯುತ್ತಿದ್ದವು. ಸರಪಳಿ ಕಡಿಯುತ್ತಿದ್ದದ್ದು ಅಲ್ಲಿ.

ಇದಕ್ಕೆ ಉತ್ತರ ಎರಡು ದಾರಿಗಳಲ್ಲಿ ಬಂತು. ಬಾಲ್ಯದಲ್ಲೇ ಅನಾಥನಾಗಿ, ಶಾಲೆ ಬಿಟ್ಟು, ಸ್ವಂತ ಓದಿನಿಂದ ಎಂಜಿನಿಯರ್ ಆದ ಅಮೆರಿಕದ ಕಪ್ಪು ಜನಾಂಗದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್ 1930ರ ದಶಕದ ಕೊನೆಯಲ್ಲಿ ಲಾರಿಯ ಕುಲುಕಾಟವನ್ನು ತಾಳಬಲ್ಲ ಶೈತ್ಯಯಂತ್ರವನ್ನು ನಿರ್ಮಿಸಿದ. ಸತ್ತು ಮೂರು ದಶಕಗಳಾದ ಮೇಲೆ, 1991ರಲ್ಲಿ, ಅವನಿಗೆ ಆ ದೇಶದ ತಂತ್ರಜ್ಞಾನ ಪದಕ ಸಂದಿತು. ಇನ್ನೊಂದು ಕಡೆ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಮಾಲೀಕ 1956ರ ಏಪ್ರಿಲ್ 26ರಂದು 58 ಲೋಹದ ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿ ಕಂಟೇನರ್ ಯುಗಕ್ಕೆ ನಾಂದಿ ಹಾಡಿದ. ಎರಡೂ ಕೂಡಿ ಹುಟ್ಟಿದ್ದೇ ರೀಫರ್ ಕಂಟೇನರ್. ಯಂತ್ರವೇ ಪೆಟ್ಟಿಗೆಯ ಒಂದು ತುದಿಯಲ್ಲಿ ಕುಳಿತಿರುತ್ತದೆ. ಹಡಗಿನಲ್ಲಿ, ಬಂದರಿನಲ್ಲಿ ವಿದ್ಯುತ್ ಪ್ಲಗ್ ಚುಚ್ಚಿದರೆ ಸಾಕು. ರಸ್ತೆಯಲ್ಲಿ ಸಾಗುವಾಗ ಡೀಸೆಲ್ ಜನರೇಟರ್ ಇರುತ್ತದೆ.

ರೀಫರಿನ ನೆಲವನ್ನು ನೋಡಿದರೆ ಉದ್ದಕ್ಕೂ ಕಾಲುವೆಗಳಂಥ ಲೋಹದ ಪಟ್ಟಿಗಳಿರುತ್ತವೆ. ತಣ್ಣನೆಯ ಗಾಳಿ ಆ ಕಾಲುವೆಗಳಲ್ಲಿ ಹರಿದು, ಸರಕಿನ ನಡುವೆ ಮೇಲೇರಿ, ಚಾವಣಿಯ ಬಳಿಯಿಂದ ಯಂತ್ರಕ್ಕೆ ಮರಳುತ್ತದೆ. ಸರಕನ್ನು ಗೋಡೆಯ ಮೇಲಿನ ಗೆರೆಗಿಂತ ಎತ್ತರಕ್ಕೆ ಪೇರಿಸಿದರೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಕಪ್ತಾನ ವಿಟ್ಸನ್ ಪ್ರಾಣದ ಹಂಗು ತೊರೆದು ಕೊರೆದ ರಂಧ್ರಗಳ ಪಾಠ ಇದೇ ಅಲ್ಲವೆ? ಚಳಿಯನ್ನು ಉತ್ಪಾದಿಸಿದರೆ ಸಾಲದು, ಮೂಲೆ ಮೂಲೆಗೂ ತಲುಪಿಸಬೇಕು.

ನಮ್ಮ ತೋಟದಿಂದ ಶುರುವಾಗುವ ಸರಪಳಿ

ಭಾರತದಲ್ಲಿ ಈ ಕಥೆ 1953ರಲ್ಲಿ ಕೊಚ್ಚಿಯಿಂದ ಅಮೆರಿಕಕ್ಕೆ ಹೋದ ಹೆಪ್ಪುಗಟ್ಟಿಸಿದ ಸೀಗಡಿಯಿಂದ ಆರಂಭವಾಯಿತೆನ್ನಬಹುದು. ಇಂದು ನಮ್ಮ ಸಾಗರೋತ್ಪನ್ನಗಳ ರಫ್ತಿನಲ್ಲಿ ಅದಕ್ಕೇ ಮೊದಲ ಸ್ಥಾನ. ಎಲ್ಲಕ್ಕೂ ಚಳಿಯೇ ಬೇಕೆಂದೂ ಇಲ್ಲ. ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಗುಲಾಬಿ ಈರುಳ್ಳಿ ಆಗ್ನೇಯ ಏಷ್ಯಕ್ಕೆ ಹೋಗುವಾಗ ಅದಕ್ಕೆ ಮುಖ್ಯವಾಗಿ ಬೇಕಾದದ್ದು ಗಾಳಿಯಾಟ.

ಆದರೆ ಶ್ರೀನಿವಾಸಪುರದ ತೋಟದಲ್ಲಿ ಮೇ ತಿಂಗಳ ಮಧ್ಯಾಹ್ನ ಕಿತ್ತ ಮಾವನ್ನು ಯೋಚಿಸಿ. ಬಿಸಿಲಿಗೆ ಅದರ ತಿರುಳು 35 ಡಿಗ್ರಿ ಇರಬಹುದು. ಅದನ್ನು ನೇರವಾಗಿ ರೀಫರಿಗೆ ತುಂಬಿದರೆ ಏನಾಗುತ್ತದೆ? ರೀಫರ್ ಯಂತ್ರದ ಸಾಮರ್ಥ್ಯವಿರುವುದು ತಣ್ಣಗಿರುವುದನ್ನು ತಣ್ಣಗಿಡಲು, ಟನ್‌ಗಟ್ಟಲೆ ಬಿಸಿ ಸರಕನ್ನು ತಣಿಸಲಲ್ಲ. ದಿನಗಳು ಕಳೆದರೂ ನಡುವಿನ ಹಣ್ಣುಗಳು ಬಿಸಿಯಾಗಿಯೇ ಇದ್ದು, ಜೋರಾಗಿ ಉಸಿರಾಡಿ, ಹಡಗು ದಡ ಬಿಡುವ ಮೊದಲೇ ಅರ್ಧ ಆಯಸ್ಸು ಮುಗಿಸಿರುತ್ತವೆ. ಬೆಳಗಿನ ತಂಪಿನಲ್ಲಿ ಕೊಯ್ದು, ನೆರಳಿನಲ್ಲಿಟ್ಟು, ಊರ ಹತ್ತಿರದ ಘಟಕದಲ್ಲಿ ಮುಂಚಿತವಾಗಿ ತಣಿಸಿದರೆ ಮಾತ್ರ ಮುಂದಿನ ಯಂತ್ರಗಳಿಗೆ ಅರ್ಥ. ಹ್ಯಾರಿಸನ್ ಸೋತದ್ದು ಸಮುದ್ರದ ಮಧ್ಯದಲ್ಲಿ. ನಮ್ಮ ರೈತ ಬಹಳ ಸಲ ಸೋಲುವುದು ತೋಟದ ಬದುವಿನಲ್ಲೇ. ಅವನ ಸೋಲಿಗೆ ವಿಜ್ಞಾನದ ಕೊರತೆ ಕಾರಣವಲ್ಲ. ಆ ಮೊದಲ ಕೊಂಡಿಯನ್ನು ಅವನ ಊರಿನ ಹತ್ತಿರ ತರದಿರುವುದು ಕಾರಣ.

ಶಿಕ್ಷಕರು ತರಗತಿಯಲ್ಲಿ ಒಂದು ಸುಲಭ ಪ್ರಯೋಗ ಮಾಡಿಸಬಹುದು. ಒಂದೇ ಚಿಪ್ಪಿನ ಒಂಬತ್ತು ಬಾಳೆಕಾಯಿಗಳನ್ನು ತನ್ನಿ. ಮೂರನ್ನು ಮೇಜಿನ ಮೇಲೆ ತೆರೆದಿಡಿ. ಮೂರನ್ನು ಒಂದು ಮಾಗಿದ ಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಿ. ಮೂರನ್ನು ಯಾರದಾದರೂ ಮನೆಯ ಫ್ರಿಜ್‌ನಲ್ಲಿಡಿ. ಒಂದು ವಾರ ಪ್ರತಿದಿನ ಬಣ್ಣ, ಗಟ್ಟಿತನಗಳನ್ನು ಬರೆದಿಟ್ಟುಕೊಳ್ಳಿ. ಎಥಿಲೀನ್, ಉಸಿರಾಟ, ಶೀತಗಾಯ ಮೂರೂ ನಿಮ್ಮ ಮುಂದೆಯೇ ಕಾಣಿಸುತ್ತವೆ. ಆಮೇಲೆ ವಿದ್ಯಾರ್ಥಿಗಳನ್ನು ಕೇಳಿ: ಈ ಬಾಳೆಯನ್ನು 20 ದಿನಗಳ ದೂರದ ದೇಶಕ್ಕೆ ಕಳಿಸಬೇಕಾದರೆ ನೀವು ಯಾವಾಗ ಕೊಯ್ಯುತ್ತೀರಿ, ಎಷ್ಟು ಡಿಗ್ರಿಯಲ್ಲಿ ಇಡುತ್ತೀರಿ, ಜೊತೆಯಲ್ಲಿ ಯಾವ ಹಣ್ಣನ್ನು ಇಡುವುದಿಲ್ಲ?